ಹದಿಹರೆಯದ ಸ್ವಭಾವವೂ ಕುಡಿತದ ಆರಂಭವೂ

ದಂಪತಿಗಳೇ, ನಿಮ್ಮ ಮಗನಿಗೆ ಮೊದಲ ಗುಟುಕು ಮದ್ಯದಂಗಡಿಯಲ್ಲಿಯೇ ದೊರೆಯಬೇಕೆಂದಿಲ್ಲ. ಮದುವೆಯ ಚಪ್ಪರದ ಹಿಂದೆ, ಬಯಲಾಟದ ರಾತ್ರಿ, ಕಂಬಳಗದ್ದೆಯ ಅಂಚಿನಲ್ಲಿ, ಅಷ್ಟೇಕೆ, ಮನೆಯ ಜಗಲಿಯಲ್ಲಿ ತಂದೆ ಉಳಿಸಿಟ್ಟ ಲೋಟದಲ್ಲಿಯೂ ಅದು ದೊರೆಯುತ್ತದೆ. ಒಬ್ಬನಿಗೆ ಅದು ಅಲ್ಲಿಗೇ ಮುಗಿಯುತ್ತದೆ; ಇನ್ನೊಬ್ಬನಲ್ಲಿ ಚಟವಾಗಿ ಬೆಳೆಯುತ್ತದೆ. ಈ ವ್ಯತ್ಯಾಸಕ್ಕೆ ಸಹವಾಸದೊಡನೆ ಹುಡುಗನ ಸ್ವಭಾವವೂ ಕಾರಣವೆಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಪಾನಾಭ್ಯಾಸಕ್ಕೆ ಸುಲಭವಾಗಿ ಒಳಗಾಗುವ ಸ್ವಭಾವಗಳು ಮುಖ್ಯವಾಗಿ ನಾಲ್ಕು. ಹಾಲಾಡಿಯಲ್ಲಿ ವಾರಾಹಿ ತುಂಬಿ ಹರಿಯುವಾಗ ಪಂಥ ಕಟ್ಟಿ ಹೊಳೆಗೆ ಹಾರುವಂತಹ ಸಾಹಸಪ್ರಿಯನು ಮೋಜಿಗಾಗಿ ಕುಡಿಯುತ್ತಾನೆ. ಹಿಂದುಮುಂದು ನೋಡದೆ ದುಡುಕುವವನು, ಲೋಟ ಎದುರಿಗೆ ಬಂದಿತೆಂದು ಕುಡಿಯುತ್ತಾನೆ. ಚಿಕ್ಕ ಮಾತಿಗೂ ಎದೆ ಡವಗುಟ್ಟುವ ಅಂಜುಬುರುಕನು ನಾಲ್ಕು ಜನರೆದುರು ನಿಲ್ಲುವ ಧೈರ್ಯಕ್ಕಾಗಿ, ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ‘ನನ್ನಿಂದ ಏನೂ ಆಗದು’ ಎಂದು ಕೈಚೆಲ್ಲಿದವನು ದುಃಖವನ್ನು ಮರೆಯಲು ಕುಡಿಯುತ್ತಾರೆ. ಮೊದಲಿನ ಇಬ್ಬರು ಊರಿನವರ ಕಣ್ಣಿಗೇ ಬೀಳುತ್ತಾರೆ. ಕಡೆಯ ಇಬ್ಬರನ್ನು ‘ಪಾಪದ ಮಾಣಿ’ ಎಂದು ಹೊಗಳಿ ನಾವೇ ಮರೆತುಬಿಡುತ್ತೇವೆ. ಹೆಣ್ಣುಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ಆದುದರಿಂದ ಎಲ್ಲರಿಗೂ ಒಂದೇ ಬೆತ್ತ ಸಲ್ಲದು. ಸಾಹಸಪ್ರಿಯನಿಗೆ ಕಬಡ್ಡಿಯೋ ಯಕ್ಷಗಾನದ ಹೆಜ್ಜೆಯೋ ಬೇಕು; ದುಡುಕಿನವನಿಗೆ ಮಾಡುವ ಮೊದಲು ನಿಂತು ಯೋಚಿಸುವ ಅಭ್ಯಾಸ ಬೇಕು. ಅಂಜುವವನನ್ನು ಹೊಡೆದರೆ ಅಂಜಿಕೆಯೇ ಹೆಚ್ಚುತ್ತದೆ. ಬಹುದಿನ ಮಂಕಾಗಿ, ಊಟ ನಿದ್ರೆ ಬಿಟ್ಟವನನ್ನು ವೈದ್ಯರಿಗೆ ತೋರಿಸಿರಿ. ತಂದೆ ಹೊಡೆಯುವುದು, ತಾಯಿ ಮುಚ್ಚಿಡುವುದು, ಇದು ಮಾತ್ರ ಯಾವ ಸ್ವಭಾವದವನಿಗೂ ಒಳಿತಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಮದ್ಯವ್ಯಸನಿ ತಂದೆಯರ ಗಂಡುಮಕ್ಕಳನ್ನು ಪರೀಕ್ಷಿಸಿದಾಗ, ಅವರು ಕುಡಿಯತೊಡಗುವ ಮುನ್ನವೇ ಅವರಲ್ಲಿ ಚಂಚಲತೆಯೂ ದುಡುಕೂ ಹೆಚ್ಚಾಗಿ ಕಂಡುಬಂದವು. ಇದು ಹಣೆಬರಹವಲ್ಲ, ಅಂತಹ ಮನೆಯಲ್ಲಿ ಮೊದಲ ಗುಟುಕು ಎಷ್ಟು ತಡವಾದರೆ ಅಷ್ಟು ಒಳ್ಳೆಯದು, ಅಷ್ಟೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 15 ವರ್ಷಕ್ಕೆ ಮೊದಲೇ ಕುಡಿಯತೊಡಗಿದವರಲ್ಲಿ ಶೇಕಡಾ 40ರಷ್ಟು ಜನ ಮುಂದೆ ವ್ಯಸನಿಗಳಾದರು. 20 ವರ್ಷದ ನಂತರ ಆರಂಭಿಸಿದವರಲ್ಲಿ ಶೇಕಡಾ 10ರಷ್ಟು ಮಾತ್ರ. ಮಿದುಳಿನ ಬೆಳವಣಿಗೆ ಸುಮಾರು 25ರ ವಯಸ್ಸಿನವರೆಗೂ ಮುಂದುವರಿಯುತ್ತದೆ. ಆಸೆಗೆ ಕಡಿವಾಣ ಹಾಕುವ ಮುಂಭಾಗವೇ ಕಡೆಗೆ ಪಕ್ವವಾಗುವುದು.

ಕುಂದಾಪುರದ ಕಡೆಯ ಹುಡುಗರು ಬೆಂಗಳೂರು, ಮುಂಬಯಿಗಳ ಹೋಟೆಲುಗಳಿಗೆ ದುಡಿಯಲು ಹೋಗುವುದು ಹಿಂದಿನಿಂದ ಬಂದ ರೂಢಿ. ಮಗನನ್ನು ಬಸ್ಸು ಹತ್ತಿಸುವ ಮುನ್ನ ಅವನ ಸ್ವಭಾವವನ್ನು ಇಬ್ಬರೂ ಕುಳಿತು ವಿಚಾರಿಸಿರಿ. ಮನೆಯಲ್ಲಿರುವ ಬಾಲಕನನ್ನು ‘ಹೋಗಿ ತಾ’ ಎಂದು ಮದ್ಯ ತರಲು ಎಂದೂ ಅಟ್ಟದಿರಿ. 18 ತುಂಬದವರಿಗೆ ಮದ್ಯ ಕೊಡುವುದೂ ಅವರಿಂದ ಅದನ್ನು ಸಾಗಿಸುವುದೂ 2015ರ ಬಾಲನ್ಯಾಯ ಕಾಯಿದೆಯಂತೆ 7 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ.

ಹುಡುಗನು ಈಗಾಗಲೇ ಕುಡಿಯುತ್ತಿದ್ದರೆ ನಾಚಿಕೆಪಟ್ಟು ಕೂರದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಕರೆ ಮಾಡಲು ಹಣ ತಗಲುವುದಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.