ಮೆಟ್ಟಿಲ ತಿರುವಿನ ಕುರ್ಚಿ

ದಾದರ್ ಪಶ್ಚಿಮದಲ್ಲಿ, ರಾನಡೆ ರಸ್ತೆಯ ಗದ್ದಲದಿಂದ ಎರಡು ಗಲ್ಲಿ ಒಳಗೆ, ಮೂರು ಮಹಡಿಯ ಹಳೇ ಬಿಲ್ಡಿಂಗ್ ಒಂದಿದೆ. ಎರಡನೇ ಮಹಡಿ ದಾಟಿ ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಯಾರೂ ಎತ್ತಿಕೊಂಡು ಹೋಗದಿರಲಿ ಎಂದು ಅದರ ಕಾಲಿಗೆ ತಂತಿ ಸುತ್ತಿ ಪಕ್ಕದ ಕಬ್ಬಿಣದ ಸರಳಿಗೆ ಬಿಗಿದಿದ್ದಾರೆ. ಕುರ್ಚಿಯ ಕೈಗಳು ಸವೆದು ನುಣ್ಣಗಾಗಿವೆ. ಮೂರನೇ ಮಹಡಿಯವರು ಅರ್ಧ ದಾರಿಯಲ್ಲಿ ದಣಿವಾರಿಸಿಕೊಳ್ಳಲಿಕ್ಕೆ ಅದು.

ಮೂರನೇ ಮಹಡಿಯ ಮಾಮಿಗೆ ಈಗ ಎಂಬತ್ತೊಂದು. ಕುಂದಾಪುರ ಕಡೆಯವರು. ಯಜಮಾನರು ಬಟ್ಟೆಗಿರಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ತೀರಿಕೊಂಡು ಹತ್ತು ವರ್ಷವಾಯಿತು. ಮಗ ಹೊರದೇಶದಲ್ಲಿ, ಮಗಳು ಠಾಣೆಯಲ್ಲಿ. ಮಾಮಿ ಕೆಳಗಿಳಿಯುವುದು ತಿಂಗಳಿಗೆ ಎರಡೇ ಸಲ: ಒಮ್ಮೆ ಬ್ಯಾಂಕಿಗೆ, ಒಮ್ಮೆ ಡಾಕ್ಟರರಲ್ಲಿಗೆ. ಉಳಿದ ದಿನ ಗ್ಯಾಲರಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ, ಬಸಳೆಯೋ ಬೆಂಡೆಯೋ ಹೊತ್ತು ಏರುತ್ತದೆ. ಕಳೆದ ಸಲ ಹೋದಾಗ ಬುಟ್ಟಿ ಎಳೆಯುತ್ತಲೇ ಹೇಳಿದರು: "ತರಕಾರಿಗೆ ಲಿಫ್ಟ್ ಉಂಟು ಮಗಾ, ನನಗೇ ಇಲ್ಲ."

ಮಗಳು ಈಗೊಂದು ವರ್ಷದಿಂದ ಹಟ ಹಿಡಿದಿದ್ದಾಳೆ. ಹಿರಿಯರಿಗೆಂದೇ ಕಟ್ಟಿದ ಕಾಲೊನಿಗೆ ಹೋಗಬೇಕಂತೆ. ಸ್ವಂತ ಮನೆ, ಸ್ವಂತ ಬೀಗ, ಬೇಕೆಂದರೆ ಸ್ವಂತ ಅಡುಗೆ. ಬೇಡವೆಂದರೆ ಊಟದ ಹಾಲ್, ಕರೆದರೆ ನರ್ಸ್. ಮಾಮಿಗೆ ಇದೆಲ್ಲ ಕೇಳಿದ್ದು ಒಂದೇ ಮಾತಾಗಿ: ವೃದ್ಧಾಶ್ರಮ. ಎರಡೂ ಬೇರೆ ಎಂದು ತಾಯಿಗೆ ಬಿಡಿಸಿ ಹೇಳುವುದರಲ್ಲಿ ಮಗಳು ಹೈರಾಣಾಗಿದ್ದಾಳೆ. ಆ ವ್ಯತ್ಯಾಸ ಹುಟ್ಟಿದ್ದು ಹೇಗೆ ಎಂದು ಹುಡುಕಹೊರಟರೆ ದಾರಿ ಮತ್ತೆ ದಾದರಿಗೇ ಬರುತ್ತದೆ.

ದಾದರ್ ಹುಟ್ಟಿದ್ದು ಪ್ಲೇಗಿನಿಂದ. 1896ರಲ್ಲಿ ಮುಂಬಯಿಗೆ ಬಡಿದ ಮಾರಿ ದಕ್ಷಿಣದ ಕಿಕ್ಕಿರಿದ ಚಾಳುಗಳನ್ನು ಗುಡಿಸಿಹಾಕಿತು. 1898ರಲ್ಲಿ ಸರಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿ, ಉತ್ತರದ ಬಯಲಿನಲ್ಲಿ ದಾದರ್, ಮಾಟುಂಗಾ, ವಡಾಲ, ಸಯನ್ ಬಡಾವಣೆಗಳ ನಕ್ಷೆ ಹಾಕಿಸಿತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಕಾಲಿಟ್ಟಿತು. ಬಸವನಗುಡಿ, ಮಲ್ಲೇಶ್ವರ ಎದ್ದವು. ಆ ಲೆಕ್ಕದಲ್ಲಿ ಬಸವನಗುಡಿಯೂ ದಾದರ್ ಹಿಂದೂ ಕಾಲೊನಿಯೂ ಅಕ್ಕತಂಗಿಯರು. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರ ಮನೆಯಲ್ಲೂ ಈಗ ಮುದುಕರೇ ಹೆಚ್ಚು. ಆಮೇಲೆ ಎಂಜಿನಿಯರ್ ಮಂಚರ್ಜಿ ಜೋಶಿಯವರ ಓಡಾಟದಿಂದ ಪಾರ್ಸಿ ಕಾಲೊನಿ ಬಂತು. 1925ರಲ್ಲಿ ಮಾಹಿಮ್ ಪಾರ್ಕ್ ಎಂಬ ಮೈದಾನ ತೆರೆಯಿತು. ಎರಡು ವರ್ಷದಲ್ಲಿ ಅದಕ್ಕೆ ಶಿವಾಜಿ ಪಾರ್ಕ್ ಎಂದು ಹೆಸರಾಯಿತು. ಸುತ್ತ ಗುಮಾಸ್ತರು, ಮೇಷ್ಟ್ರುಗಳು, ವಕೀಲರು ನೆಲೆಸಿದರು. ಮನೆಗೆ ಗಾಳಿ ಬೆಳಕು ಇತ್ತು, ಮುಂದೆ ಮರಗಳಿದ್ದವು. ಲಿಫ್ಟ್ ಮಾತ್ರ ಇರಲಿಲ್ಲ. ಮೂವತ್ತರ ಕಾಲುಗಳಿಗೆ ಕಟ್ಟಿದ ಮೆಟ್ಟಿಲುಗಳವು.

ಆ ಕಾಲುಗಳು ಅಲ್ಲೇ ಮುದಿಯಾದದ್ದಕ್ಕೆ ಕಾನೂನೂ ಒಂದು ಕಾರಣ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಹಿಡಿದು ನಿಲ್ಲಿಸಿತು. ಪಗಡಿ ಎಂಬ ಇಡಿಗಂಟು ಕೊಟ್ಟು ಬಾಡಿಗೆಗೆ ಒಳಹೊಕ್ಕವರು ಮತ್ತೆ ಹೊರಡಲಿಲ್ಲ. ಊಟದ ತಟ್ಟೆಯ ಬೆಲೆಗೆ ತಿಂಗಳ ಬಾಡಿಗೆ ತೀರುವಾಗ ಯಾರು ಹೊರಡುತ್ತಾರೆ? ಅಷ್ಟು ಬಾಡಿಗೆಯಲ್ಲಿ ಮಾಲೀಕನೂ ರಿಪೇರಿಗೆ ಕೈಹಾಕಲಿಲ್ಲ. ಮನೆಗಳು ಕುಸಿಯತೊಡಗಿದ ಮೇಲೆ 1969ರಲ್ಲಿ ಸರಕಾರ ರಿಪೇರಿ ಮಂಡಳಿ ಮಾಡಿ ಸೆಸ್ ಹಾಕಿತು. ಗೋಡೆಗೆ ತೇಪೆ ಬಿತ್ತು. ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯಿತು.

ಅಷ್ಟಿದ್ದೂ ಜನ ಅಲ್ಲಿ ಸುಖವಾಗಿಯೇ ಮುದುಕರಾದರು ಎಂಬುದನ್ನು ಮರೆಯಬಾರದು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯದಿದ್ದರೆ ಎದುರುಮನೆಯವರು ಕದ ತಟ್ಟುತ್ತಿದ್ದರು. ಹಾಲಿನ ಪೊಟ್ಟಣ ಹೊರಗೇ ಉಳಿದಿದ್ದರೆ ಹಾಲಿನವನೇ ಕೂಗು ಹಾಕುತ್ತಿದ್ದ. ಒಲೆ ಹಚ್ಚಲಾರದವರಿಗೆ ಖಾನಾವಳಿಯಿಂದ ಡಬ್ಬಿ ಬರುತ್ತಿತ್ತು. ಮಾಟುಂಗಾಕ್ಕೆ ನಡೆದರೆ ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಊಟ, 1926ರಲ್ಲಿ ಹುಟ್ಟಿದ, ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡದ ನಾಟಕ, ಭಾಷಣ. ಇಂದಿನ ಹಿರಿಯರ ಕಾಲೊನಿಗಳ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಅಚ್ಚಾಗುವ ಸೌಲಭ್ಯಗಳು ಇವೇ. ಆಗ ಅವಕ್ಕೆ ಬಿಲ್ ಬರುತ್ತಿರಲಿಲ್ಲ, ಅಷ್ಟೇ.

ಒಟ್ಟಾಗಿ ಇರೋಣ ಎಂದು ಮೊದಲೇ ತೀರ್ಮಾನಿಸಿ ಮನೆ ಕಟ್ಟಿಕೊಂಡವರೂ ನಮ್ಮ ಕಡೆಯವರೇ. ಬೆಂಗಳೂರಿನಲ್ಲಿ 1909ರಲ್ಲೇ ಗೃಹನಿರ್ಮಾಣ ಸಹಕಾರ ಸಂಘ ಹುಟ್ಟಿತ್ತು. ಮುಂಬಯಿಯಲ್ಲಿ ಕೆನರಾ ಸಾರಸ್ವತರ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ತಮ್ಮ ಗುರುವಿನ ಹೆಸರಿನಲ್ಲಿ ಶಾಮರಾವ್ ವಿಠ್ಠಲ್ ಬ್ಯಾಂಕ್ ಸ್ಥಾಪಿಸಿದರು. 1915ರಲ್ಲಿ ಗಾಮದೇವಿಯ ಸಾರಸ್ವತ ಸೊಸೈಟಿಯ ಹಿಂದೆ ನಿಂತರು. ತಾರದೇವದ ತಲ್ಮಕಿವಾಡಿಗೆ ಅವರದೇ ಹೆಸರು. ಆ ವಾಡಿಗಳನ್ನು ಯಾರೂ ಮುದುಕರಿಗೆಂದು ಕಟ್ಟಲಿಲ್ಲ. ಆದರೆ ಮುದುಕರಾಗಲಿಕ್ಕೆ ಅವುಗಳಿಗಿಂತ ಒಳ್ಳೆಯ ಜಾಗವನ್ನು ನಾನು ಈ ಊರಿನಲ್ಲಿ ಕಂಡಿಲ್ಲ.

ಉಳಿದ ಕನ್ನಡಿಗರಿಗೆ, ತುಳುವರಿಗೆ ಮುಂಬಯಿಯಲ್ಲಿ ಮುದುಕರಾಗುವ ಯೋಚನೆಯೇ ಇರಲಿಲ್ಲ. ಹೋಟೆಲಿರಲಿ, ಆಫೀಸಿರಲಿ, ಕೊನೆಗೆ "ಊರಿಗೆ ಹೋಗಿ ನಿಲ್ಲುವುದು" ಎಂಬುದೇ ಎಲ್ಲರ ನಿವೃತ್ತಿ ಯೋಜನೆ. ಮೂವತ್ತು ವರ್ಷ ಮನಿಯಾರ್ಡರ್ ಕಳಿಸಿ ಊರಿನಲ್ಲೊಂದು ತಾರಸಿ ಮನೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ, ಘಟ್ಟ ಹತ್ತಿಳಿದು ದಣಿಸುತ್ತಿದ್ದ ಬಸ್ಸಿನ ದಾರಿಗೆ ಪರ್ಯಾಯ ಸಿಕ್ಕಿತು. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂಬ ಬದುಕೂ ಶುರುವಾಯಿತು. ಮಾಮಿಯ ಯಜಮಾನರೂ ಕುಂದಾಪುರದ ಹತ್ತಿರ ಮನೆ ಕಟ್ಟಿಸಿದ್ದರು. ಗಂಡಹೆಂಡತಿ ಒಂದು ಮಳೆಗಾಲ ಪೂರ್ತಿ ಅಲ್ಲಿದ್ದರು. ಸುತ್ತಲಿನ ಆರು ಮನೆಗಳಲ್ಲಿ ನಾಲ್ಕಕ್ಕೆ ಬೀಗ. ಮನೆಯವರೆಲ್ಲ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ. ಕರೆಂಟು ಹೋದ ರಾತ್ರಿ ಮಾತಿಗೆ ಸಿಕ್ಕುತ್ತಿದ್ದುದು ಕಪ್ಪೆಗಳೇ. ದೀಪಾವಳಿಗೆ ಮುಂಚೆಯೇ ದಾದರಿಗೆ ವಾಪಸಾದರು.

ಇತ್ತ ದಾದರೂ ಮೊದಲಿನದಾಗಿರಲಿಲ್ಲ. ಮಕ್ಕಳು ಮೊದಲು ಬೋರಿವಲಿ, ಡೊಂಬಿವಲಿಗೆ ಹೋದರು. ಆಮೇಲೆ ನ್ಯೂಜೆರ್ಸಿಗೆ, ದುಬೈಗೆ. ಮರಾಠಿ ರಂಗಭೂಮಿ ಈ ಸಂಗತಿಯನ್ನು ಬೇಗನೆ ಹಿಡಿಯಿತು. ಶಿರ್ವಾಡ್ಕರರ 'ನಟಸಮ್ರಾಟ್' 1970ರಲ್ಲಿ ರಂಗಕ್ಕೆ ಬಂತು: ಆಸ್ತಿಯನ್ನೆಲ್ಲ ಮಕ್ಕಳಿಗೆ ಹಂಚಿ ಬೀದಿಗೆ ಬೀಳುವ ಮುದಿ ನಟನ ಕತೆ. ಆ ಒಂದು ನಾಟಕ ಎಷ್ಟು ದಂಪತಿಗಳು ತಮ್ಮ ಹೆಸರಿನ ಫಿಕ್ಸೆಡ್ ಡಿಪಾಸಿಟ್ ಉಳಿಸಿಕೊಳ್ಳುವಂತೆ ಮಾಡಿತೋ!

ಆಗ ಹಿರಿಯರಿಗೆಂದು ಇದ್ದದ್ದು ಧರ್ಮಾರ್ಥದ ಆಶ್ರಮಗಳೇ. ಗತಿಯಿಲ್ಲದವರಿಗೆ ಸಾಲುಮಂಚ, ಎರಡು ಹೊತ್ತು ಅನ್ನ. 2007ರ ಹಿರಿಯ ನಾಗರಿಕರ ಕಾಯಿದೆ ಕೂಡ ಪ್ರತಿ ಜಿಲ್ಲೆಗೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಆಶ್ರಮವನ್ನು ಸರಕಾರ ಕಟ್ಟಬಹುದೆಂದೇ ಹೇಳುತ್ತದೆ. ಮಾಮಿಯ ಮನಸ್ಸಿನಲ್ಲಿರುವುದು ಆ ಸಾಲುಮಂಚ. ಪಿಂಚಣಿಯೂ ಇದೆ, ಆರೋಗ್ಯವೂ ಇದೆ, ಮೆಟ್ಟಿಲು ಹತ್ತಲಿಕ್ಕೆ ಮಾತ್ರ ಆಗುವುದಿಲ್ಲ, ಮಾತಿಗೆ ಜನವಿಲ್ಲ. ಇಂಥವರಿಗೆ ಏನು ಎಂಬ ಪ್ರಶ್ನೆಯನ್ನು ಬಹಳ ಕಾಲ ಯಾರೂ ಕೇಳಲೇ ಇಲ್ಲ.

ಉತ್ತರದ ಮೊದಲ ಅಂದಾಜು ಶಿವಾಜಿ ಪಾರ್ಕಿನ ಕಟ್ಟೆಯಲ್ಲಿತ್ತು. ಮರಾಠಿಗರು ಅದನ್ನು ಕಟ್ಟಾ ಎನ್ನುತ್ತಾರೆ. ನಮ್ಮ ಅರಳಿಕಟ್ಟೆಯ ಕಟ್ಟೆಯೇ. ಮೈದಾನ ಬಳಸಿ ಒಂದು ಕಿಲೋಮೀಟರಿಗೂ ಮಿಕ್ಕಿ ಓಡುವ ಈ ಗಿಡ್ಡ ಗೋಡೆಯ ಮೇಲೆ ಸಂಜೆ ಐದಕ್ಕೆ ಹೋಗಿ ನೋಡಿ. ಹಿರಿಯರಿಗೆ ಗೊತ್ತಾದ ಜಾಗಗಳಿವೆ. ಒಬ್ಬರು ಮೂರು ದಿನ ಕಾಣದಿದ್ದರೆ ನಾಲ್ಕನೆಯ ದಿನ ಯಾರಾದರೂ ಮನೆಗೆ ಹೋಗಿ ವಿಚಾರಿಸುತ್ತಾರೆ. 1995ರಲ್ಲಿ ಡಾ. ಮದನ್ ಕಟಾರಿಯಾ ಅಂಧೇರಿಯ ಪಾರ್ಕೊಂದರಲ್ಲಿ ಐದು ಜನರನ್ನು ಸೇರಿಸಿ ನಗೆಕೂಟ ಆರಂಭಿಸಿದರು. ಅದು ಜಗತ್ತನ್ನೇ ಸುತ್ತಿತು. ಅದೇ ವರ್ಷ ಶೀಲು ಶ್ರೀನಿವಾಸನ್ ಮುಂಬಯಿಯಲ್ಲಿ ಡಿಗ್ನಿಟಿ ಫೌಂಡೇಶನ್ ಸ್ಥಾಪಿಸಿದರು. ಅವರ ಮಾಸಪತ್ರಿಕೆ, ಸಹಾಯವಾಣಿ, ಚಹಾ ಕುಡಿದು ಹಾಡಿ ಹರಟುವ 'ಚಾಯ್ ಮಸ್ತಿ' ಕೇಂದ್ರಗಳು ಎಲ್ಲದರ ಹಿಂದಿದ್ದ ತಿಳಿವಳಿಕೆ ಒಂದೇ. ಮುದಿತನದ ದೊಡ್ಡ ಕಾಯಿಲೆ ಒಂಟಿತನ. ಅದಕ್ಕೆ ಮಾತ್ರೆಯಿಲ್ಲ, ಜನ ಬೇಕು.

ಜನ ಬೇಕು ಸರಿ. ಆದರೆ ಕಟ್ಟೆಗೆ ಬರಲಿಕ್ಕೆ ಮೊದಲು ಮೂರು ಮಹಡಿ ಇಳಿಯಬೇಕಲ್ಲ? ಹಾಗಾದರೆ ಕಟ್ಟೆಯನ್ನೇ ಮನೆಬಾಗಿಲಿಗೆ ತಂದರೆ? ಡಿಗ್ನಿಟಿಯವರು ಮಾಥೇರಾನ್ ಬೆಟ್ಟದ ಬುಡದಲ್ಲಿ, ನೇರಳ್ ಹತ್ತಿರ ಹಿರಿಯರ ಊರನ್ನೇ ಕಟ್ಟಿದರು. ದಾದರಿನಲ್ಲಿ ಕರ್ಜತ್ ಲೋಕಲ್ ಹಿಡಿದರೆ ಸಿಗುವ ಸ್ಟೇಷನ್. ಪುಣೆಯಲ್ಲಿ ಪರಾಂಜಪೆ ಎಂಬ ಬಿಲ್ಡರರು 'ಅಥಶ್ರೀ' ಎಂದು ಹೆಸರಿಟ್ಟು ಹಿರಿಯರಿಗೆ ಫ್ಲ್ಯಾಟ್ ಕಟ್ಟತೊಡಗಿದರು. ಇತಿಶ್ರೀ ಹಾಡುವ ವಯಸ್ಸಿಗೆ ಅಥಶ್ರೀ. ಹೆಸರಿಟ್ಟವರ ಜಾಣತನ ಮೆಚ್ಚಬೇಕು. ಕೊಯಮತ್ತೂರು ಇಂಥ ಕಾಲೊನಿಗಳಿಗೇ ಪ್ರಸಿದ್ಧವಾಯಿತು. ಬೆಂಗಳೂರಿನ ಕನಕಪುರ ರಸ್ತೆ, ವೈಟ್‌ಫೀಲ್ಡ್ ಕಡೆಗಳಲ್ಲೂ ಎದ್ದವು. ಮೂಲ ಕಲ್ಪನೆ ಅಮೆರಿಕದ್ದು. 1960ರ ಜನವರಿ 1ರಂದು ಅರಿಜೋನಾದ ಮರುಭೂಮಿಯಲ್ಲಿ ಡೆಲ್ ವೆಬ್ ಎಂಬ ಬಿಲ್ಡರ್ 'ಸನ್ ಸಿಟಿ' ತೆರೆದಾಗ ಮೊದಲ ಮೂರು ದಿನದಲ್ಲಿ ನೋಡಲಿಕ್ಕೆ ಬಂದವರು ಸುಮಾರು ಒಂದು ಲಕ್ಷ. ಅಲ್ಲಿ ಗಾಲ್ಫ್ ಇತ್ತು. ನಮ್ಮಲ್ಲಿಗೆ ಬರುವಾಗ ಅದು ಭಜನೆಯ ಹಾಲ್ ಆಯಿತು.

ಇಂಥ ಕಡೆ ಹೋದವರಿಗೆ ಆದ ಲಾಭವನ್ನು ಅವರ ಬಾಯಲ್ಲೇ ಕೇಳಿದರೆ ಈಜುಕೊಳದ ಸುದ್ದಿ ಬರುವುದಿಲ್ಲ. ಬಚ್ಚಲಲ್ಲಿ ಹಿಡಿಯಲಿಕ್ಕೆ ಸರಳು, ಕಾಲು ಜಾರದ ಟೈಲ್ಸ್, ಮಂಚದ ಪಕ್ಕ ಒತ್ತಿದರೆ ಜನ ಬರುವ ಗುಂಡಿ. ಬಲ್ಬು ಹೋದರೆ ಸ್ಟೂಲು ಹತ್ತಬೇಕಿಲ್ಲ. ಪ್ಲಂಬರನಿಗೆ ಗೋಗರೆಯಬೇಕಿಲ್ಲ. ಎದುರು ಕೂತವರಿಗೂ ನಮ್ಮದೇ ವಯಸ್ಸಾದ್ದರಿಂದ ಮಂಡಿನೋವಿನ ಮಾತಿಗೆ ಆಕಳಿಕೆ ಬರುವುದಿಲ್ಲ. ಪರಿಚಯದ ಇನ್ನೊಬ್ಬ ಹಿರಿಯರು ಹೇಳಿದ್ದು: "ಮೊದಲು ಮಗ ಫೋನ್ ಮಾಡಿದರೆ ಊಟ ಆಯ್ತಾ, ಮಾತ್ರೆ ತಗೊಂಡ್ರಾ ಅಂತ ಹತ್ತು ಪ್ರಶ್ನೆ. ಈಗ ನಾವಿಬ್ಬರೂ ಕ್ರಿಕೆಟ್ ಮಾತಾಡ್ತೇವೆ." ನನ್ನ ಮಟ್ಟಿಗೆ ಲಾಭಗಳಲ್ಲಿ ದೊಡ್ಡದು ಅದೇ.

ನಷ್ಟವೂ ಇದೆ. ನೇರಳಿನ ಗಾಳಿ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ದಾದರಿನ ಹೂವಿನ ಮಾರ್ಕೆಟ್ಟಿಲ್ಲ, ಮೈಸೂರು ಅಸೋಸಿಯೇಷನ್ನಿಲ್ಲ. ಕುಂದಾಪ್ರದ ಮಾತಾಡಲಿಕ್ಕೆ ಇನ್ನೊಬ್ಬರು ಸಿಕ್ಕರೆ ಅದೃಷ್ಟ. ತಿಂಗಳ ಖರ್ಚು ವರ್ಷವರ್ಷವೂ ಏರುತ್ತದೆ, ಪಿಂಚಣಿ ಅಷ್ಟು ಏರುವುದಿಲ್ಲ. ಮನೆ ಕೊಂಡದ್ದೋ, ಡಿಪಾಸಿಟ್ ಇಟ್ಟು ಇರುವುದೋ, ಕಣ್ಣುಮುಚ್ಚಿದ ಮೇಲೆ ಹಣ ಯಾರಿಗೆ, ಎಷ್ಟು ದಿನದಲ್ಲಿ, ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರೋ ಇಲ್ಲವೋ: ಇವೆಲ್ಲ ಕಾಗದದಲ್ಲಿ ಇರಬೇಕು. ಬಿಲ್ಡರ್ ಮನೆ ಮಾರಿ ಹೋದ ಮೇಲೆ ಅಡುಗೆ, ನರ್ಸು ನೋಡಿಕೊಳ್ಳುವವರು ಬೇರೆಯೇ ಕಂಪನಿ. ಅದಕ್ಕೇ ಕೇಂದ್ರ ಸರಕಾರದ 2019ರ ಮಾದರಿ ಮಾರ್ಗಸೂಚಿ ಕೊಳ್ಳುವವರು, ಕಟ್ಟಿದವರು, ಸೇವೆ ಕೊಡುವವರು ಮೂವರೂ ಸೇರಿ ಒಪ್ಪಂದಕ್ಕೆ ಸಹಿ ಹಾಕಬೇಕು ಎನ್ನುತ್ತದೆ. ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಮಹಾರೇರಾ 2024ರಲ್ಲಿ ಹಿರಿಯರ ಮನೆಗಳಿಗೆ ನಿಯಮ ತಂದಿತು. ಒಂದಕ್ಕಿಂತ ಹೆಚ್ಚು ಮಹಡಿಯಿದ್ದರೆ ಲಿಫ್ಟ್ ಬೇಕೇ ಬೇಕು. ಅದನ್ನು ಓದಿ ಹೇಳಿದಾಗ ಮಾಮಿ ಬಹಳ ಹೊತ್ತು ನಕ್ಕರು.

ನಗುವಿನ ಹಿಂದೆ ಬೇರೊಂದು ಸುದ್ದಿಯಿತ್ತು. ಅವರ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ದಾದರಿನ ಗಲ್ಲಿಗಲ್ಲಿಯಲ್ಲೂ ಈಗ ಇದೇ: ಹಸಿರು ಬಲೆ, ತಗಡಿನ ಬೇಲಿ, ಒಳಗೊಂದು ಗುಂಡಿ. ಹಳೇ ಬಾಡಿಗೆದಾರರಿಗೆ ಹೊಸ ಗೋಪುರದಲ್ಲಿ ಮನೆ ಸಿಗುತ್ತದೆ, ಲಿಫ್ಟೂ ಇರುತ್ತದೆ. ಅಲ್ಲಿಯವರೆಗೆ ನಾಲ್ಕು ವರ್ಷವೋ ಏಳು ವರ್ಷವೋ ಬೇರೆಲ್ಲೋ ಬಾಡಿಗೆಗೆ ಇರಬೇಕು. ಮೂವತ್ತೈದರವರಿಗೆ ಅದು ಕಾಯುವ ಕಾಲ. ಎಂಬತ್ತೊಂದರವರಿಗೆ? ಗೋಪುರ ಎದ್ದ ಮೇಲೆ ಎಲ್ಲರೂ ಮರಳಿ ಬರುವುದೂ ಇಲ್ಲ. ಬಂದವರಿಗೆ ಇಪ್ಪತ್ತೆರಡನೇ ಮಹಡಿಯಲ್ಲಿ ಎದುರುಮನೆಯವರ ಹೆಸರು ಗೊತ್ತಿರುವುದಿಲ್ಲ. ಹಾಲಿನ ಪೊಟ್ಟಣ ಸೆಕ್ಯುರಿಟಿಯವನ ಬಳಿ ಉಳಿಯುತ್ತದೆ.

ಕೊನೆಗೆ ಮಾಮಿ ಒಪ್ಪಿದ್ದು ಒಂದು ಶರತ್ತಿನ ಮೇಲೆ: ಮೊದಲು ಒಂದು ತಿಂಗಳು, ಅದೂ ಮಳೆಗಾಲದಲ್ಲಿ, ಮಗಳು ಹೇಳಿದ ಕಾಲೊನಿಯಲ್ಲಿ ಇದ್ದು ನೋಡುವುದು. ಬೇಸಗೆಯ ಜಾಹೀರಾತು ನಂಬಬಾರದೆಂದು ಕುಂದಾಪುರದ ಮನೆ ಅವರಿಗೆ ಕಲಿಸಿದೆ. ಜುಲೈಯಲ್ಲಿ ಹೊರಡುತ್ತಾರೆ.

ದಾದರಿನಲ್ಲಿ ಪ್ರತಿ ತಿಂಗಳು ಹೊಸ ಗೋಪುರಗಳ ನಕ್ಷೆಗೆ ಸಹಿ ಬೀಳುತ್ತಿದೆ. ಆ ನಕ್ಷೆಗಳಲ್ಲಿ ನಾಲ್ಕು ಹಂತದ ಪಾರ್ಕಿಂಗಿಗೆ ಜಾಗವಿದೆ. ಅದರ ಮೇಲೆ ಎರಡು ಮಹಡಿಯನ್ನು ಹಿರಿಯರಿಗೆ ಬಿಡಿ. ಒಂದು ಊಟದ ಹಾಲ್, ಒಬ್ಬ ನರ್ಸ್, ಬಚ್ಚಲಲ್ಲಿ ಹಿಡಿಯಲಿಕ್ಕೆ ಸರಳು, ಇಷ್ಟು ಸಾಕು. ಕಟ್ಟೆ ಶಿವಾಜಿ ಪಾರ್ಕಿನಲ್ಲಿ ಆಗಲೇ ಇದೆ. ಸೊಸೈಟಿಯ ಮುಂದಿನ ಮೀಟಿಂಗಿಗೆ ಹೋಗುವವರು ಈ ಮಾತನ್ನು ಒಮ್ಮೆ ಎತ್ತಬೇಕು.