ಕರಿ ಬಿಯರಿಗೆ ಐವತ್ತು ಅಂಕದ ಪರೀಕ್ಷೆ

ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ನಾಲ್ಕು ತಾಸಿನ ದಾರಿ. ಎರಡು ಊರುಗಳನ್ನೂ ಪೊರೆಯುವುದು ಗೋದಾವರಿ. ಕವಿರಾಜಮಾರ್ಗ ಕನ್ನಡ ನಾಡಿಗೆ ಬಡಗಣ ಎಲ್ಲೆಯೆಂದು ಹೆಸರಿಸಿದ್ದು ಇದೇ ಹೊಳೆಯನ್ನು. ತ್ರ್ಯಂಬಕೇಶ್ವರದ ಬೆಟ್ಟದಲ್ಲಿ ಹುಟ್ಟಿ, ನಾಶಿಕವನ್ನು ಹಾದು, ಪೈಠಣದ ಜಾಯಕವಾಡಿ ಜಲಾಶಯ ಸೇರುತ್ತದೆ. ಸಂಭಾಜಿನಗರದ ನಲ್ಲಿಗಳಿಗೂ ವಾಳೂಜ್ ಕೈಗಾರಿಕಾ ಪ್ರದೇಶಕ್ಕೂ ನೀರು ಬರುವುದು ಅಲ್ಲಿಂದಲೇ. ಹೊಳೆಯ ಮೇಲಿನ ಊರು ವೈನಿಗೆ ಹೆಸರುವಾಸಿ, ಕೆಳಗಿನ ಊರು ಬಿಯರಿಗೆ.

ಕುಡಿಯುವ ಕ್ರಮ ಮಾತ್ರ ಅಜಗಜಾಂತರ. ಸುಲಾ ವೈನ್‌ಯಾರ್ಡ್ಸ್ 2005ರಲ್ಲಿ ನಾಶಿಕದಲ್ಲಿ ರುಚಿ ನೋಡುವ ಕೋಣೆಯೊಂದನ್ನು ತೆರೆಯಿತು. ಅಂದಿನಿಂದ ಅಲ್ಲಿಗೆ ಹೋದವರು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುವುದನ್ನು, ತಿರುಗಿಸಿ ಮೂಸುವುದನ್ನು, ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸುವುದನ್ನು ಕಲಿತು ಬರುತ್ತಿದ್ದಾರೆ. ಸಂಭಾಜಿನಗರದ ಸುತ್ತ ಯುನೈಟೆಡ್ ಬ್ರೂವರೀಸ್, ಕಾರ್ಲ್ಸ್‌ಬರ್ಗ್‌ನಂಥ ದೊಡ್ಡ ಕಂಪನಿಗಳ ಬ್ರೂವರಿಗಳಿವೆ. ಆದರೆ ಅಲ್ಲಿಂದ ಹೊರಡುವ ಬಾಟಲಿಯನ್ನು ಮೂಸಿ ನೋಡುವವರು ವಿರಳ. ಐಸ್‌ನಂತೆ ತಣ್ಣಗಿರಬೇಕು, ಬೇಗ ಏರಬೇಕು, ಅಷ್ಟೇ. ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಐದರಲ್ಲಿ ನಾಲ್ಕು ಪಾಲು ‘ಸ್ಟ್ರಾಂಗ್’ ಆಗಿರುವುದಕ್ಕೆ ಈ ಲೆಕ್ಕಾಚಾರವೇ ಕಾರಣ.

ಸ್ಟ್ರಾಂಗ್ ಆಗಿಯೂ ಮೂಗಿಗೆ, ನಾಲಿಗೆಗೆ ಕೆಲಸ ಕೊಡುವ ಬಿಯರ್ ಒಂದಿದೆ. ಅದು ಸ್ಟೌಟ್ ಎಂಬ ಕರಿ ಬಿಯರ್. ಅದರಲ್ಲೂ ಚಾಕೊಲೇಟ್ ಓಟ್‌ಮೀಲ್ ಸ್ಟೌಟ್ ಬಂದರೆ ವಾಳೂಜ್‌ನ ಸರಕಿಗೆ ನಾಶಿಕದ ಶಿಸ್ತು ಬೇಕಾಗುತ್ತದೆ.

ಕಪ್ಪು ಎಲ್ಲಿಂದ ಬಂತು?

ಸ್ಟೌಟ್‌ನ ಬಣ್ಣ ಹುರಿದ ಮಾಲ್ಟಿನದು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯದು. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟನ್ನು ಉರುಳೆಯಲ್ಲಿ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬಾರ್ಲಿ ಸುಟ್ಟು ಕರಕಲಾಗದೆ ಒಳಗಿನವರೆಗೆ ಕಪ್ಪಾಗುವುದು ಅಲ್ಲಿಂದ ಸುಲಭವಾಯಿತು. ‘ಚಾಕೊಲೇಟ್ ಮಾಲ್ಟ್’ ಎಂಬುದೂ ಹೀಗೆ ಹುರಿದ ಬಾರ್ಲಿಯೇ. ಅದರಲ್ಲಿ ಒಂದು ಚೂರೂ ಕೋಕೊ ಇರುವುದಿಲ್ಲ. ನಿಜವಾದ ಚಾಕೊಲೇಟ್ ಸ್ವಾದ ಬೇಕೆಂದರೆ ಹುದುಗಿಸಿ, ಒಣಗಿಸಿ, ಹುರಿದು ಒಡೆದ ಕೋಕೊ ಬೀಜದ ತುಣುಕುಗಳನ್ನು ಬಿಯರಿನಲ್ಲಿ ನೆನೆಸಿಡಬೇಕು. ಕೊಂಡ ಬಾಟಲಿಯಲ್ಲಿ ಇವೆರಡರಲ್ಲಿ ಯಾವುದಿದೆ ಎಂಬುದನ್ನು ಲೇಬಲ್ಲಿನಲ್ಲಿ ಮೊದಲು ನೋಡಿಕೊಳ್ಳಿ.

ಓಟ್ಸ್ ಸೇರಿಸುವುದು ರುಚಿಗಿಂತ ಹೆಚ್ಚಾಗಿ ಮೈಗಾಗಿ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರು ಗಂಜಿಯ ತಿಳಿಯಂಥ ನುಣುಪನ್ನು ಬಿಯರಿಗೆ ಕೊಡುತ್ತದೆ, ಹುರಿದ ಮಾಲ್ಟಿನ ಒಗರನ್ನು ತಗ್ಗಿಸುತ್ತದೆ. ಒಟ್ಟು ಧಾನ್ಯದ ಹತ್ತನೆಯ ಒಂದು ಭಾಗ ಹಾಕಿದರೂ ವ್ಯತ್ಯಾಸ ತಿಳಿಯುತ್ತದೆ. ಅತಿಯಾದರೆ ಬೇಯುತ್ತಿರುವ ಮಾಲ್ಟ್ ಅಂಟಂಟಾಗಿ, ರಸ ಸೋಸಲು ಬಾರದೆ ಬ್ರೂವರಿನ ಕೈ ಕಟ್ಟಿಹಾಕುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಪುಷ್ಟಿಕರ ಪಾನೀಯವೆಂದು ಓಟ್‌ಮೀಲ್ ಸ್ಟೌಟ್ ಮಾರಾಟವಾಗುತ್ತಿತ್ತು. 1970ರ ದಶಕದ ಹೊತ್ತಿಗೆ ಅದು ಹೆಚ್ಚುಕಡಿಮೆ ಕಣ್ಮರೆಯಾಗಿತ್ತು. 1980ರಲ್ಲಿ ಯಾರ್ಕ್‌ಷೈರಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ ಅಮೆರಿಕದ ಆಮದುದಾರರ ಒತ್ತಾಸೆಯಿಂದ ಮತ್ತೆ ತಯಾರಿಸಿದ ಮೇಲೆ ಅದಕ್ಕೆ ಮರುಜೀವ ಬಂತು.

ಅಂಕ ಹಾಕುವ ಬಗೆ

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಮ್ ರೂಪಿಸಿದ ಅಂಕಪಟ್ಟಿ ಇವತ್ತು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಒಟ್ಟು 50 ಅಂಕ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಮೈಗೆ 5, ಒಟ್ಟಾರೆ ಅನುಭವಕ್ಕೆ 10. ಕಿಕ್ಕಿಗೆ ಒಂದು ಅಂಕವೂ ಇಲ್ಲ. ನೋಟಕ್ಕೆ ಮೂರೇ ಅಂಕ ಎಂಬುದನ್ನೂ ಗಮನಿಸಿ. ಎಷ್ಟು ಕಪ್ಪಗಿದೆ ಎಂದು ಬೆರಗಾಗುವವರು ಅಲ್ಲಿಗೇ ನಿಲ್ಲಬಾರದು.

ಮೊದಲ ಕೆಲಸ, ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡುವುದು. ನಾಲ್ಕು ಡಿಗ್ರಿಯ ಚಳಿಯಲ್ಲಿ ಘಮ ಏಳುವುದಿಲ್ಲ; 10ರಿಂದ 13 ಡಿಗ್ರಿಗೆ ಬಂದರೆ ಸ್ಟೌಟ್ ಬಾಯಿಬಿಡುತ್ತದೆ. ಉದ್ದನೆಯ ಮಗ್ ಬೇಡ, ಬಾಯಿ ಕಿರಿದಾದ ವೈನ್ ಗ್ಲಾಸೇ ಸಾಕು. ಅರ್ಧ ಮಾತ್ರ ಸುರಿಯಿರಿ. ನೊರೆ ಬೆಳ್ಳಗಿರದೆ ಕಂದು ಬಣ್ಣಕ್ಕಿರಬೇಕು. ಕೋಕೊದಲ್ಲಿ ಜಿಡ್ಡು ಇರುವುದರಿಂದ ನೊರೆ ಬೇಗ ಇಳಿದರೆ ಅಂಕ ಕಡಿಯುವ ಮೊದಲು ಯೋಚಿಸಿ.

ಮೂಗಿಗೆ ಏನೇನು ಸಿಗಬೇಕು? ಕಾಫಿ ಡಿಕಾಕ್ಷನ್, ಹುರಿದ ರಾಗಿ, ಸಕ್ಕರೆ ಹಾಕದ ಕೋಕೊ, ಕೊಂಚ ಜೋನಿ ಬೆಲ್ಲ. ಏನು ಸಿಗಬಾರದು? ಬೆಣ್ಣೆಯ ವಾಸನೆ ಬಂದರೆ ಡೈಅಸಿಟೈಲ್ ಉಳಿದಿದೆ ಎಂದರ್ಥ, ಹುದುಗು ಸರಿಯಾಗಿ ಮುಗಿದಿಲ್ಲ. ಹಸಿ ಸೇಬಿನ ವಾಸನೆ ಬಿಯರ್ ಇನ್ನೂ ಎಳೆಯದು ಎಂಬುದರ ಗುರುತು. ಒದ್ದೆ ರಟ್ಟಿನ ವಾಸನೆ ಬಂದರೆ ಒಳಗೆ ಗಾಳಿ ಸೇರಿ ಹಳಸಿದೆ.

ನಾಲಿಗೆಯ ಮೇಲೆ ಮೊದಲು ಸಿಹಿ, ನಡುವೆ ಚಾಕೊಲೇಟ್, ಕೊನೆಗೆ ಕಹಿ ಬಂದರೆ ಕ್ರಮ ಸರಿಯಿದೆ. ಕಹಿಗೂ ಸುಟ್ಟ ಬೂದಿಯ ರುಚಿಗೂ ಭೇದವಿದೆ. ಮೊದಲನೆಯದು ಇನ್ನೊಂದು ಗುಟುಕು ಕೇಳುತ್ತದೆ, ಎರಡನೆಯದು ನೀರು ಕೇಳುತ್ತದೆ.

ಇನ್ನು ಸ್ಟ್ರಾಂಗ್ ಎಂಬ ಮಾತು. ಅಂಕಪಟ್ಟಿ ರೂಪಿಸಿದ ಸಂಸ್ಥೆಯದೇ 2021ರ ಮಾರ್ಗಸೂಚಿ ಓಟ್‌ಮೀಲ್ ಸ್ಟೌಟ್‌ಗೆ ಹಾಕಿರುವ ಮಿತಿ ಶೇ 4.2ರಿಂದ 5.9ರಷ್ಟು ಆಲ್ಕೋಹಾಲ್. ಶೇ 8ರಷ್ಟಿರುವ ಸ್ಟೌಟ್ ಆ ಗೆರೆ ದಾಟಿದಂತೆಯೇ. ದಾಟಿದ್ದು ತಪ್ಪಲ್ಲ, ಹೇಗೆ ದಾಟಿತು ಎಂಬುದು ಮುಖ್ಯ. ನಮ್ಮಲ್ಲಿನ ಎಷ್ಟೋ ಸ್ಟ್ರಾಂಗ್ ಲಾಗರ್‌ಗಳು ಸಕ್ಕರೆ, ಅಕ್ಕಿ, ಜೋಳದ ಬಲದಿಂದ ಅಮಲು ಏರಿಸಿಕೊಳ್ಳುತ್ತವೆ. ಮೈ ಮಾತ್ರ ತೆಳು. ಗಂಟಲು ಸುಡುವುದು ಅದಕ್ಕೇ. ಒಳ್ಳೆಯ ಸ್ಟ್ರಾಂಗ್ ಸ್ಟೌಟ್‌ಗೆ ಬಲ ಬರುವುದು ಹೆಚ್ಚು ಮಾಲ್ಟಿನಿಂದ, ಹಾಗಾಗಿ ಆಲ್ಕೋಹಾಲಿನ ಜೊತೆಗೆ ಮೈಯೂ ಬೆಳೆದಿರುತ್ತದೆ. ಎಂಟು ಶೇಕಡಾ ಎಂಬುದು ಗಂಟಲಿಗೆ ತಿಳಿಯದೆ ಲೇಬಲ್ ಓದಿ ತಿಳಿಯಬೇಕಾಗಿ ಬಂದರೆ ಆ ಸ್ಟೌಟ್ ಪಾಸು. ಇದಕ್ಕೆ ನಮ್ಮ ಉಪಖಂಡದಲ್ಲೇ ಮಾದರಿಯಿದೆ. ಶೇ 8.8ರ ಶ್ರೀಲಂಕಾದ ಲಯನ್ ಸ್ಟೌಟ್ ಅನ್ನು ಪ್ರಸಿದ್ಧ ಬಿಯರ್ ಬರಹಗಾರ ಮೈಕೆಲ್ ಜಾಕ್ಸನ್ ಜಗತ್ತಿಗೆ ಪರಿಚಯಿಸಿದರು. ಓಟ್ಸ್ ಇಲ್ಲದೆಯೂ ಚಾಕೊಲೇಟ್ ರುಚಿಗೆ ಅದು ಹೆಸರಾಗಿದೆ.

ಸಾಮಗ್ರಿ ನಮ್ಮಲ್ಲೇ ಇದೆ

ಕನ್ನಡಿಗರಿಗೆ ಈ ಬಿಯರ್ ದೂರದ್ದೇನಲ್ಲ. ಥಾಮಸ್ ಲೀಷ್‌ಮನ್ 1915ರಲ್ಲಿ ದಕ್ಷಿಣದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಬೆಂಗಳೂರಿನ ಕಂಪನಿ. ಬೆಂಗಳೂರಿನ ಟಾಯ್ಟ್‌ನಂಥ ಮೈಕ್ರೊ ಬ್ರೂವರಿಗಳಲ್ಲಿ ಸ್ಟೌಟ್ ನಲ್ಲಿಯಿಂದಲೇ ಇಳಿಯುತ್ತದೆ. ಕೋಕೊ ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟಗಳಲ್ಲಿ ಉಪಬೆಳೆ. ಕ್ಯಾಂಪ್ಕೊ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಪುತ್ತೂರಿನ ಕೋಕೊ ಹಾಕಿದ ಸ್ಟೌಟ್ ಕೊಡಿ ಎಂದು ಗಿರಾಕಿಗಳು ಕೇಳತೊಡಗಿದರೆ ಬ್ರೂವರ್‌ಗಳು ಮಾಡದೆ ಇರಲಾರರು.

ಕೇಳಲು ಇನ್ನೊಂದು ಕಾರಣವೂ ಇದೆ. ಒಂದು ಲೀಟರ್ ಬಿಯರಿಗೆ ಅದರ ಮೂರು ನಾಲ್ಕು ಪಟ್ಟು ನೀರು ಖರ್ಚಾಗುತ್ತದೆ. 2016ರ ಬರದಲ್ಲಿ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಗುತ್ತಿದ್ದಾಗ, ಬಾಂಬೆ ಹೈಕೋರ್ಟಿನ ಔರಂಗಾಬಾದ್ (ಈಗಿನ ಸಂಭಾಜಿನಗರ) ಪೀಠ ಮರಾಠವಾಡದ ಮದ್ಯದ ಕಾರ್ಖಾನೆಗಳ ನೀರಿಗೆ ಕತ್ತರಿ ಹಾಕಿತ್ತು. ಅಷ್ಟು ನೀರು ನುಂಗಿದ ಪಾನೀಯ ಬರೀ ಅಮಲಿಗೆ ಮುಗಿದುಹೋದರೆ ನಷ್ಟ.

ಕೊನೆಯದಾಗಿ ಒಂದು ಲೆಕ್ಕ ನೆನಪಿರಲಿ. ಶೇ 8ರ ಸ್ಟೌಟ್‌ನ 330 ಮಿ.ಲೀ. ಬಾಟಲಿಯಲ್ಲಿರುವ ಆಲ್ಕೋಹಾಲ್ ಸುಮಾರು 26 ಮಿ.ಲೀ. ಅದು 30 ಮಿ.ಲೀ.ನ ಎರಡು ಪೆಗ್ ವಿಸ್ಕಿಗೆ ಸಮ. ಮಹಾರಾಷ್ಟ್ರದಲ್ಲಾದರೆ ಕುಡಿಯಲು ಪರ್ಮಿಟ್ಟೂ ಬೇಕು. ಒಂದು ಬಾಟಲಿಯನ್ನು ಇಬ್ಬರು ಹಂಚಿಕೊಳ್ಳಿ, ಅಂಕಗಳನ್ನು ಬೇರೆಬೇರೆ ಬರೆದು ಆಮೇಲೆ ಹೋಲಿಸಿ ನೋಡಿ. ಗಾಡಿಯ ಕೀಲಿಕೈ ಕುಡಿಯದ ಮೂರನೆಯವರ ಹತ್ತಿರ ಇರಲಿ.