ಮಳಖೇಡದ ನೆರಳಲ್ಲಿ ಪೋಣಿಸಿದ ಸಂಖ್ಯೆ

12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಬಾಯಲ್ಲಿ ಹೇಳುವುದಾದರೆ 1234 ಕೋಟಿ 56 ಲಕ್ಷ 54 ಸಾವಿರದ 321. ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಇದು ಸಿಗುತ್ತದೆ.

ಆ ಸಂಸ್ಕೃತ ಗ್ರಂಥದ ಆರಂಭದಲ್ಲಿಯೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಎಂದರೆ ಕಾಗಿಣಾ ದಂಡೆಯ ಇಂದಿನ ಮಳಖೇಡ. ಸೇಡಂ ತಾಲೂಕಿನ ಊರು. 2009ರ ಕೊನೆಯಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗುವವರೆಗೂ ಯಾದಗಿರಿ, ಶಹಾಪುರ, ಸುರಪುರಗಳು ಮಳಖೇಡದೊಂದಿಗೆ ಒಂದೇ ಜಿಲ್ಲೆಯಲ್ಲಿದ್ದವು. ಈ ಸೀಮೆಯ ಮಕ್ಕಳಿಗೆ ‘ಕವಿರಾಜಮಾರ್ಗ’ದ ಹೆಸರು ಗೊತ್ತು. ಅದೇ ಅರಸನ ಕಾಲದ ಗಣಿತವೂ ಅಷ್ಟೇ ಗೊತ್ತಿರಬೇಕು.

ಮಹಾವೀರ ಈ ಸಂಖ್ಯೆಯನ್ನು ಗುಣಾಕಾರದ ಲೆಕ್ಕವಾಗಿ ಕೊಡುತ್ತಾನೆ: 27994681 × 441. ನೋಡಲು ಒರಟಾದ ಎರಡು ಸಂಖ್ಯೆಗಳು ಕೂಡಿ ಇಷ್ಟು ಅಂದದ ಉತ್ತರ ಬರುವುದು ಆಕಸ್ಮಿಕವಲ್ಲ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21 ಮತ್ತು 5291ನ್ನು ಗುಣಿಸಿದರೆ 111111. ಅಂದರೆ ಉತ್ತರವೆಂದರೆ ಆರು ಒಂದುಗಳ ವರ್ಗ. ಕಾಗದದ ಮೇಲೆ 111111ನ್ನು ಅದರಿಂದಲೇ ಗುಣಿಸಿ ನೋಡಿ. ಸಾಲುಗಳು ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ. ಕೂಡುವಾಗ ಮೊದಲ ಕಂಬದಲ್ಲಿ ಒಂದು, ಮುಂದಿನದರಲ್ಲಿ ಎರಡು, ನಡುವೆ ಆರು, ಆಮೇಲೆ ಇಳಿಕೆ. ಎಲ್ಲಿಯೂ ದಶಕ ಉಳಿಯುವುದಿಲ್ಲ, ಅದಕ್ಕೇ ವಿನ್ಯಾಸ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತದೆ. ಹತ್ತು ಒಂದುಗಳ ವರ್ಗ ಮಾಡಿದರೆ ದಶಕ ಹುಟ್ಟಿ 1234567900987654321 ಬರುತ್ತದೆ, ಸಾಲು ಮುರಿಯಿತು.

ಒಳಗೆ ಇನ್ನೂ ಇದೆ. 111111 ಎಂದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗದಲ್ಲಿ ಇವು ಎರಡೆರಡು ಸಲ ಬರುವುದರಿಂದ, ಆ ದೊಡ್ಡ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಪೂರ್ಣವರ್ಗವಾದ್ದರಿಂದ ಈ ಎಣಿಕೆ ಬೆಸವಾಗಿಯೇ ಇರಬೇಕು.

ಇಂಥ ಉತ್ತರಗಳನ್ನು ಮಹಾವೀರ ಕೊರಳ ಹಾರಕ್ಕೆ ಹೋಲಿಸಿದ. 139 × 109 ಮಾಡಿದರೆ 15151. 152207 × 73 ಮಾಡಿದರೆ ಎಂಟು ಒಂದುಗಳು. 333333666667 × 33 ಮಾಡಿದರೆ 11000011000011. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಉತ್ತರದ ಅಂದವನ್ನು ಮೊದಲೇ ಕಂಡು, ಅಪವರ್ತನ ಬಿಡಿಸಿ, ಪ್ರಶ್ನೆ ಕಟ್ಟಿದವನ ಕೈಚಳಕ ಇದು. ಸ್ಥಾನಗಳಿಗೆ ಹೆಸರಿಡುವಾಗಲೂ ಅವನು ಕೋಟಿಗೆ ನಿಲ್ಲಲಿಲ್ಲ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೇಳಿದ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದ ಮೇಲೆ ಹೊರಜಗತ್ತು ಇದನ್ನು ಓದಿತು. ಯಾದಗಿರಿ, ಶಹಾಪುರ, ಸುರಪುರದ ಗಣಿತ ಶಿಕ್ಷಕರು ನಾಳೆ ಕರಿಹಲಗೆಯ ಮೇಲೆ 152207 × 73 ಎಂದು ಬರೆಯಲಿ. ಉತ್ತರ ಬಂದ ಮೇಲೆ, ಲೆಕ್ಕ ಕಟ್ಟಿದವನ ಹೆಸರನ್ನೂ ಮಕ್ಕಳಿಗೆ ಹೇಳಲಿ.